ಬಾವಿಯಲ್ಲಿ ಕೇಳಿಸಿದ ವಾಕಿಟಾಕಿ ಕಡಲಲ್ಲಿ ಯಾಕೆ ಕೇಳಿಸುವುದಿಲ್ಲ?

ಪ್ರಶ್ನೆ: ನಾನು ಮಲ್ಪೆ ಕಡೆಯವನು. ಬೋಟ್ ರಿಪೇರಿ ಮಾಡುವ ಚಿಕ್ಕ ವೆಲ್ಡಿಂಗ್ ಶೆಡ್ ಇದೆ. ಇಬ್ಬರು ಗೆಳೆಯರ ಜೊತೆ ಸೇರಿ ಒಬ್ಬರು ಕೂರುವಷ್ಟು ಉಕ್ಕಿನ ಸಬ್‌ಮರೀನ್ ಕಟ್ಟುತ್ತಿದ್ದೇವೆ. ಹತ್ತು ಮೀಟರ್‌ಗಿಂತ ಆಳಕ್ಕೆ ಹೋಗುವ ಯೋಚನೆ ಇಲ್ಲ. ಮೇಲೆ ಒಂದು ದೋಣಿ ಕಾಯುತ್ತಿರುತ್ತದೆ. ನಮ್ಮ ಬೋಟಿನ ವಿಎಚ್‌ಎಫ್ ವಾಕಿಟಾಕಿಯ ಬಟನ್ ಒತ್ತಿ ಟೇಪ್ ಸುತ್ತಿ, ಪಕ್ಕದಲ್ಲಿ ಫೋನಿನಲ್ಲಿ ಯಕ್ಷಗಾನ ಹಾಕಿ, ಎರಡನ್ನೂ ಪಿವಿಸಿ ಪೈಪಿನಲ್ಲಿ ಸೀಲ್ ಮಾಡಿ ಮನೆಯ ಬಾವಿಗೆ ಇಳಿಸಿದೆವು. ಮೂರು ಮೀಟರ್ ನೀರಿನ ಕೆಳಗಿಂದ ಭಾಗವತಿಕೆ ಸ್ಪಷ್ಟವಾಗಿ ಕೇಳಿಸಿತು. ಕಡಲಲ್ಲೂ ಇಷ್ಟೇ ಸಾಕಲ್ವಾ? ಸಾಲದಿದ್ದರೆ ಜಾಸ್ತಿ ವ್ಯಾಟಿನ ಸೆಟ್ ಹಾಕಬಹುದೇ? ನೌಕಾಪಡೆಯವರು ಆಳದಲ್ಲೂ ರೇಡಿಯೊ ಬಳಸುತ್ತಾರಲ್ಲ? ಮೇಲಿನವರ ಜೊತೆ ಮಾತಾಡುತ್ತಲೇ ಇರುತ್ತೇನೆ ಎಂದು ಹೇಳಿ ಅಮ್ಮನನ್ನು ಒಪ್ಪಿಸಿದ್ದೇನೆ.

ಉತ್ತರ: ನಿಮ್ಮ ಬಾವಿಯ ಪ್ರಯೋಗ ಓದಿ ಖುಷಿಯಾಯಿತು. ಸುಮ್ಮನೆ ಊಹೆ ಮಾಡದೆ ಪರೀಕ್ಷೆ ಮಾಡಿ ನೋಡಿದ್ದೀರಿ. ಆದರೆ ಅದು ನಿಮಗೆ ತಪ್ಪು ಉತ್ತರ ಕೊಟ್ಟಿದೆ. ಕಡಲಲ್ಲಿ ಆ ವಾಕಿಟಾಕಿ ಮೂರು ಮೀಟರ್ ಇರಲಿ, ಒಂದು ಮೊಳ ನೀರಿನ ಕೆಳಗೂ ಕೇಳಿಸುವುದಿಲ್ಲ.

ನನ್ನ ಮಾತು ನಂಬಬೇಕಾಗಿಲ್ಲ. ಅದೇ ಪೈಪನ್ನು ಹಗ್ಗಕ್ಕೆ ಕಟ್ಟಿ ದೋಣಿಯಿಂದ ಕಡಲಿಗೆ ಇಳಿಸಿ. ಚಾನೆಲ್ 16 ಮಾತ್ರ ಬೇಡ, ಅದು ಅಪಾಯದ ಕರೆಗೆ ಮೀಸಲು. ಟೇಪ್ ಸುತ್ತಿದ ಸೆಟ್ ಅಲ್ಲಿ ಕೂತರೆ ಸುತ್ತಲಿನ ಎಲ್ಲರ ದಾರಿ ಮುಚ್ಚುತ್ತದೆ. ಬೋಟಿನ ಸೆಟ್ಟನ್ನು ನೆಲದ ಮೇಲೆ ಬಳಸುವಂತೆಯೂ ಇಲ್ಲ, ಹಾಗಾಗಿ ಬಾವಿಯ ಪ್ರಯೋಗ ಇನ್ನು ಸಾಕು. ಇನ್ನೊಂದು ದೋಣಿ ಐವತ್ತು ಮೀಟರ್ ದೂರ ನಿಂತು ಕೇಳಲಿ. ಪೈಪು ನೀರಿನಲ್ಲಿ ಎರಡು ಗೇಣು ಇಳಿಯುವುದರೊಳಗೆ ಭಾಗವತರು ಸುಮ್ಮನಾಗುತ್ತಾರೆ.

ಕಾರಣ ಉಪ್ಪು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ರೇಡಿಯೊ ತರಂಗ ಅದರೊಳಗೆ ಹೊಕ್ಕಾಗ ನೀರಿನಲ್ಲೇ ಸಣ್ಣ ಸಣ್ಣ ಕರೆಂಟ್ ಹುಟ್ಟಿಸುತ್ತಾ, ತನ್ನ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. ಬೋಟಿನ ವಿಎಚ್‌ಎಫ್ ಕೆಲಸ ಮಾಡುವುದು 156 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಆ ತರಂಗದ ಶಕ್ತಿ ಕಡಲ ನೀರಿನಲ್ಲಿ ಪ್ರತಿ 2 ಸೆಂಟಿಮೀಟರಿಗೆ ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಮುಂದಿನ 2 ಸೆಂಟಿಮೀಟರಿಗೆ ಆ ಪಾಲಿನಲ್ಲೂ ಏಳರಲ್ಲೊಂದು. ಹೀಗೆ ಗುಣಿಸುತ್ತಾ ಹೋದರೆ 20 ಸೆಂಟಿಮೀಟರ್ ದಾಟುವಾಗ ಉಳಿಯುವುದು ಐವತ್ತು ಕೋಟಿಯಲ್ಲಿ ಒಂದು ಪಾಲು.

ಬಾವಿಯ ಸಿಹಿನೀರಿನಲ್ಲಿ ಕರೆಂಟ್ ಅಷ್ಟು ಸಲೀಸಾಗಿ ಹರಿಯುವುದಿಲ್ಲ. ನಮ್ಮ ಕರಾವಳಿಯ ಬಾವಿನೀರಂತೂ ಮೃದು. ಹಾಗಾಗಿ ಮೂರು ಮೀಟರ್ ದಾಟಿಯೂ ಸಿಗ್ನಲ್ ಸಾಕಷ್ಟು ಉಳಿಯಿತು. ಕೆರೆಯಲ್ಲಿ, ಈಜುಕೊಳದಲ್ಲಿ ರಿಮೋಟಿನ ಆಟಿಕೆ ಸಬ್‌ಮರೀನ್ ಓಡಿಸುವವರು ಹಳೇ ಕಾಲದ 27, 40 ಮೆಗಾಹರ್ಟ್ಸ್ ಸೆಟ್‌ಗಳನ್ನು ಇನ್ನೂ ಜೋಪಾನ ಮಾಡಿ ಇಟ್ಟುಕೊಂಡಿರುವುದೂ ಇದಕ್ಕೇ. ಹೊಸ 2.4 ಗಿಗಾಹರ್ಟ್ಸ್ ರಿಮೋಟ್ ಸಿಹಿನೀರಲ್ಲೂ ಸೋಲುತ್ತದೆ. ಆ ಆವರ್ತನವನ್ನು ನೀರಿನ ಕಣಗಳೇ ಹೀರಿಕೊಳ್ಳುತ್ತವೆ. ಮೈಕ್ರೊವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಅದೇ ಆವರ್ತನದಲ್ಲಿ ಅಲ್ವಾ? ಫೋನು, ವೈಫೈ, ಜಿಪಿಎಸ್ ಯಾವುದನ್ನೂ ನೀರಿನ ಕೆಳಗೆ ನೆಚ್ಚಿಕೊಳ್ಳಬೇಡಿ.

ನಿಮ್ಮ ಬಾವಿ ಇನ್ನೆರಡು ವಿಷಯ ಮುಚ್ಚಿಟ್ಟಿದೆ. ಕೇಳುತ್ತಿದ್ದ ಗೆಳೆಯ ನಿಂತಿದ್ದು ಬಾವಿಕಟ್ಟೆಯ ಮೇಲೆ, ಅಂದರೆ ಪೈಪಿನ ನೆತ್ತಿಯ ಮೇಲೆ. ನೀರಿನಿಂದ ಗಾಳಿಗೆ ರೇಡಿಯೊ ಹೊರಬರುವುದು ಬಹಳ ಕಿರಿದಾದ ದಾರಿಯಲ್ಲಿ. ನೇರ ಮೇಲಕ್ಕೆ ಹೊರಟ ತರಂಗ ಹೊರಗೆ ಬರುತ್ತದೆ. ಆರೇಳು ಡಿಗ್ರಿಗಿಂತ ಜಾಸ್ತಿ ಓರೆಯಾದದ್ದು ನೀರಿನ ಮೇಲ್ಮೈಗೆ ಬಡಿದು ವಾಪಸ್ ಒಳಗೇ ಹೋಗುತ್ತದೆ. ಎರಡನೆಯದು, ನಿಮ್ಮ ಪೈಪು ಪಿವಿಸಿ, ಸಬ್‌ಮರೀನ್ ಉಕ್ಕು. ಉಕ್ಕಿನ ಡಬ್ಬಿಯೊಳಗೆ ಕೂತು ವಾಕಿಟಾಕಿಯಲ್ಲಿ ಮಾತಾಡಿದರೆ, ಸಬ್‌ಮರೀನ್ ನಿಮ್ಮ ಶೆಡ್ಡಿನಲ್ಲೇ ಇದ್ದರೂ ಮಾತು ಸರಿಯಾಗಿ ಹೊರಬರುವುದಿಲ್ಲ. ಕಿಟಕಿಯಲ್ಲಿ ಅಷ್ಟಿಷ್ಟು ಸೋರಬಹುದು. ನೀರಿನ ಮೇಲೆ ತೇಲುವಾಗ ರೇಡಿಯೊ ಬೇಕೇ ಬೇಕು, ಅದಕ್ಕೆ ಹೊರಗೆ ಆಂಟೆನಾ ಇರಲೇಬೇಕು.

ಇನ್ನು ವ್ಯಾಟ್. 5 ವ್ಯಾಟಿನ ಸೆಟ್ ತೆಗೆದು 25 ವ್ಯಾಟಿನದು ಹಾಕಿದಿರಿ ಅಂದುಕೊಳ್ಳಿ. ಕಡಲ ನೀರಿನಲ್ಲಿ ಅದರಿಂದ ಸಿಗುವ ಹೆಚ್ಚುವರಿ ಆಳ ಒಂದೂವರೆ ಸೆಂಟಿಮೀಟರ್. ಕಿರುಬೆರಳಿನ ಅಗಲ ಅನ್ನಿ. ಇದಕ್ಕೆ ದುಡ್ಡು ಹಾಕಬೇಡಿ.

ನೌಕಾಪಡೆಯ ವಿಚಾರ ಅರ್ಧ ನಿಜ. ಆವರ್ತನ ಇಳಿಸಿದಷ್ಟೂ ರೇಡಿಯೊ ಆಳಕ್ಕೆ ಇಳಿಯುತ್ತದೆ. 20 ಕಿಲೋಹರ್ಟ್ಸ್ ಹತ್ತಿರ ಬಂದರೆ ಹತ್ತು ಹದಿನೈದು ಮೀಟರ್ ಕೆಳಗಿನ ಸಬ್‌ಮರೀನಿಗೆ ಸಂದೇಶ ಮುಟ್ಟಿಸಬಹುದು. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರ 1990ರಿಂದ ಈ ಕೆಲಸವನ್ನೇ ಮಾಡುತ್ತಿದೆ. ಅಲ್ಲಿನ ಆಂಟೆನಾ ಕಂಬಗಳು ನಾನೂರು ಮೀಟರ್ ಮೀರಿದವು. ಅಷ್ಟು ಎತ್ತರ ಯಾಕೆ ಅಂದರೆ ಆ ತರಂಗದ ಉದ್ದವೇ 15 ಕಿಲೋಮೀಟರ್ ಆಸುಪಾಸು. ಅಮೆರಿಕದವರು ಇನ್ನೂ ಕೆಳಕ್ಕೆ, 76 ಹರ್ಟ್ಸ್‌ಗೆ ಇಳಿದರು. ವಿಸ್ಕಾನ್ಸಿನ್ ಮತ್ತು ಮಿಷಿಗನ್ ಕಾಡುಗಳಲ್ಲಿ ಮೈಲಿಗಟ್ಟಲೆ ತಂತಿ ಎಳೆದು, 2004ರ ತನಕ ನಡೆಸಿ ಮುಚ್ಚಿದರು. ಅದರಲ್ಲಿ ಎರಡು ಮೂರು ಅಕ್ಷರ ಕಳಿಸಲು ನಿಮಿಷಗಟ್ಟಲೆ ಬೇಕಿತ್ತು. ಇವೆಲ್ಲ ಒಂದೇ ದಿಕ್ಕಿನ ದಾರಿ. ದಡ ಹೇಳುತ್ತದೆ, ಸಬ್‌ಮರೀನ್ ಕೇಳಿಸಿಕೊಳ್ಳುತ್ತದೆ. ತಿರುಗಿ ಮಾತಾಡಬೇಕಾದರೆ ಅವರೂ ಆಂಟೆನಾವನ್ನು ನೀರಿನ ಮೇಲಕ್ಕೆ ತರಲೇಬೇಕು.

ಹಾಗಾದರೆ ನಿಮಗೇನು ದಾರಿ? ಹತ್ತು ಮೀಟರ್ ಆಳಕ್ಕೆ ನನ್ನ ಮೊದಲ ಆಯ್ಕೆ ತಂತಿ. ಎರಡು ಎಳೆಯ ಕೇಬಲ್, ಎರಡು ತುದಿಗೆ ಇಂಟರ್‌ಕಾಮ್. ಮಾತು ಮನೆಯೊಳಗಿನ ಹಾಗೆ ಕೇಳಿಸುತ್ತದೆ, ಖರ್ಚೂ ಕಡಿಮೆ. ತಂತಿಗೆ ಭಾರ ಹೊರಿಸಬೇಡಿ, ಎಳೆತ ತಡೆಯಲು ಜೊತೆಗೊಂದು ಹಗ್ಗ ಇರಲಿ. ಇದರ ಅಪಾಯ ನಿಮಗೆ ನಾನು ಹೇಳಬೇಕಾಗಿಲ್ಲ, ಬಲೆ ಸುತ್ತಿಕೊಂಡ ಪ್ರೊಪೆಲ್ಲರ್ ಎಷ್ಟು ಬಿಡಿಸಿದ್ದೀರೋ! ನಿಮ್ಮ ಪ್ರೊಪೆಲ್ಲರಿಗೆ ಗಟ್ಟಿ ಪಂಜರ ಹಾಕಿ. ಹಗ್ಗ ಸಿಕ್ಕಿಹಾಕಿಕೊಂಡರೆ ಒಳಗೆ ಕೂತವರೇ ಅದನ್ನು ಕಳಚುವಂತಿರಬೇಕು.

ತಂತಿ ಸಬ್‌ಮರೀನಿನ ಒಡಲಿನೊಳಗೆ ಬರುವ ಜಾಗದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಮನೆಯಲ್ಲಿ ಕಟ್ಟುವವರು ಮಾತು ಕೇಳಿಸುತ್ತದೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ, ತೂತನ್ನು ಮರೆಯುತ್ತಾರೆ. ಹತ್ತು ಮೀಟರ್ ಆಳದಲ್ಲಿ ಒಂದು ಸೆಂಟಿಮೀಟರ್ ಅಗಲದ ತೂತು ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಗೆ ಬರುತ್ತದೆ. ಎರಡು ಕೊಡಕ್ಕೂ ಜಾಸ್ತಿ. ಸೀಲ್ ಗಟ್ಟಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ನಾನು ಸರ್ವೆ ಹಡಗುಗಳಲ್ಲಿ ನೀರೊಳಗಿನ ಸಂಪರ್ಕದ ಸಾಧನಗಳನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಪೆಟ್ಟಿಗೆ ಪದೇ ಪದೇ ಒದ್ದೆಯಾಗುತ್ತಿತ್ತು. ಸೀಲ್ ಎರಡು ಸಲ ಬದಲಿಸಿದೆವು. ಮೂರನೇ ಸಲ ಕೇಬಲನ್ನೇ ಸೀಳಿ ನೋಡಿದಾಗ ಒಳಗಿನ ತಾಮ್ರದ ಎಳೆಗಳೆಲ್ಲ ಹಸಿರು ತಿರುಗಿದ್ದವು. ಹೊರಗೆ ಎಲ್ಲೋ ಮೇಲಿನ ಪ್ಲಾಸ್ಟಿಕ್ ಕಚ್ಚಿಹೋಗಿ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಎಳೆಗಳ ನಡುವೆ ನೀರು ನಡೆದು ಬಂದು ಪೆಟ್ಟಿಗೆಗೆ ಇಳಿಯುತ್ತಿತ್ತು. ಸೀಲ್ ಕೊನೆ ತನಕ ಚೆನ್ನಾಗಿಯೇ ಇತ್ತು. ಹಾಗಾಗಿ ತಂತಿಯನ್ನು ಸೀದಾ ಒಳಗೆ ತರಬೇಡಿ. ಒಡಲಿನ ಗೋಡೆಯಲ್ಲಿ ಗಟ್ಟಿ ಲೋಹದ ಪಿನ್ನು ಇರುವ ಜೋಡಣೆ ಹಾಕಿ, ಹೊರಗಿನ ತಂತಿ ಹೊರಗೇ ಮುಗಿಯಲಿ, ಒಳಗಿನದು ಒಳಗಿಂದ ಶುರುವಾಗಲಿ.

ತಂತಿಯನ್ನು ದೋಣಿಗೆ ಕಟ್ಟಿಕೊಳ್ಳುವುದು ಇಷ್ಟವಿಲ್ಲದಿದ್ದರೆ ತೇಲುವ ಬೋಯಾ ಎಳೆದುಕೊಂಡು ಹೋಗಬಹುದು. ಬೋಯಾದ ಮೇಲೆ ಆಂಟೆನಾ, ಕೆಳಗೆ ಕೇಬಲ್. ನಿಮ್ಮ ವಿಎಚ್‌ಎಫ್ ಆಸೆ ಈಡೇರುವುದು ಇಲ್ಲಿ ಮಾತ್ರ. ನೀವು ಎಲ್ಲಿದ್ದೀರಿ ಎಂಬುದೂ ಮೇಲಿನವರಿಗೆ ಸದಾ ಕಾಣುತ್ತಿರುತ್ತದೆ, ನನಗೆ ಅದು ಮಾತಿಗಿಂತ ದೊಡ್ಡ ಲಾಭ. ಆದರೆ ಹೋಗಿಬರುವ ಬೋಟುಗಳು ಅದನ್ನು ಬಲೆಯ ಗುರುತು ಅಂದುಕೊಳ್ಳುತ್ತವೆ, ಯಾರಾದರೂ ಎತ್ತಿ ನೋಡಲೂಬಹುದು. ಮಲ್ಪೆ ಬಂದರಿನ ದಾರಿಯಲ್ಲಿ ಇದನ್ನು ಮಾಡಲೇಬೇಡಿ.

ಬೆಳಕಿನ ಮೂಲಕ ಮಾತಾಡುವ ಸಾಧನಗಳೂ ಇವೆ. ತಿಳಿನೀರಿಗೆ ಸರಿ, ನಮ್ಮ ಕರಾವಳಿಯ ಕೆಸರುನೀರಿಗೆ ಅಲ್ಲ.

ಇನ್ನು ಉಳಿದದ್ದು ಶಬ್ದ. ನೀರೊಳಗೆ ಓಡಾಡುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ನೀರೊಳಗಿನ ಟೆಲಿಫೋನ್ ನಿಮ್ಮ ಮಾತನ್ನು ಮಾಮೂಲಿ ಮಾತಿಗಿಂತ ಬಹಳ ಎತ್ತರದ, ಕೆಲವು ಸಲ ಕಿವಿಗೇ ಎಟುಕದ ಸ್ವರಕ್ಕೆ ಏರಿಸಿ ನೀರಿಗೆ ಬಿಡುತ್ತದೆ, ಆ ಕಡೆಯದು ಇಳಿಸಿ ಕೇಳಿಸುತ್ತದೆ. ಹಡಗು, ಸಬ್‌ಮರೀನುಗಳದ್ದು 8ರಿಂದ 11 ಕಿಲೋಹರ್ಟ್ಸ್. ಮುಳುಗುಗಾರರು ಬಳಸುವ ಚಿಕ್ಕ ಸೆಟ್‌ಗಳು ಸುಮಾರು 25ರಿಂದ 33. ಮನೆಯಲ್ಲಿ ಸಬ್‌ಮರೀನ್ ಕಟ್ಟುವ ವಿದೇಶದ ಹವ್ಯಾಸಿಗಳು ಸಾಮಾನ್ಯವಾಗಿ ಈ ಮುಳುಗುಗಾರರ ಸೆಟ್ಟನ್ನೇ ಕೊಳ್ಳುತ್ತಾರೆ. ಅಗ್ಗವಲ್ಲ.

ದುಡ್ಡು ಕೊಟ್ಟ ಮೇಲೂ ಮನೆಯ ಫೋನಿನ ಹಾಗೆ ಕೇಳಿಸಬೇಕು ಅಂದರೆ ಆಗದು. ಹತ್ತು ಮೀಟರ್ ನೀರೆಂದರೆ ಖಾಲಿ ಕಲ್ಯಾಣಮಂಟಪ ಇದ್ದ ಹಾಗೆ. ಮಾತು ತಳಕ್ಕೆ ಬಡಿದು, ಮೇಲ್ಮೈಗೆ ಬಡಿದು, ಒಂದರ ಮೇಲೊಂದು ಬಂದು ಕಲಸುಮೇಲೋಗರ ಆಗುತ್ತದೆ. ಆಳ ಕಡಿಮೆ ಇದ್ದಷ್ಟೂ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಇಲ್ಲಿ ಅದು ಉಲ್ಟಾ. ನಮ್ಮ ದೇಶದ ಮತ್ಸ್ಯ 6000 ಗೊತ್ತಲ್ಲ, ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ವಾಹನ. 2025ರ ಆರಂಭದಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ನೋಡಿದರು. ಬಹುತೇಕ ಎಲ್ಲವೂ ಸರಿ ಬಂತು. ನೀರೊಳಗಿನ ಧ್ವನಿ ಸಂಪರ್ಕ ಮಾತ್ರ ಅಷ್ಟು ಚೆನ್ನಾಗಿ ಆಗಲಿಲ್ಲ, ಬಂದರಿನ ಆಳ ಸಾಲದೇ ಹೋದದ್ದೇ ಕಾರಣ ಎಂದು ಅವರೇ ಹೇಳಿದರು. ಅವರಿಗೇ ಹೀಗಾದರೆ ನಮ್ಮ ನಿಮ್ಮ ಸೆಟ್ಟಿನ ಪಾಡು ಊಹಿಸಿ.

ಬೆಚ್ಚಗಿನ ಕಡಲಿನ ತಳದಲ್ಲಿ ಚಿಟಿಕೆ ಹೊಡೆಯುವ ಒಂದು ಜಾತಿಯ ಸೀಗಡಿ ಇರುತ್ತದೆ. ಸಾವಿರಾರು ಸೇರಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ದಿನವಿಡೀ ಚಟಪಟ. ನಿಮ್ಮ ಸೆಟ್ಟಿನ ಆವರ್ತನದಲ್ಲೂ ಆ ಸದ್ದು ಇರುತ್ತದೆ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಪದರ ಪದರವಾಗಿ ನಿಂತು ಶಬ್ದದ ದಾರಿಯನ್ನೇ ಬಗ್ಗಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಗಲಾಟೆ ನಿಮ್ಮದೇ ಮೋಟಾರು. ಒಮ್ಮೆ ದಕ್ಕೆಯ ಪಕ್ಕ ಸೆಟ್ ಪರೀಕ್ಷೆ ಮಾಡಿ, ಸೊಗಸಾಗಿ ಕೇಳಿಸಿ, ಎಲ್ಲರೂ ಚಾ ಕುಡಿದೆವು. ಮೋಟಾರ್ ಹಾಕಿದ ಕೂಡಲೇ ಬರೀ ಕಿರುಚಾಟ. ವೇಗ ಹೆಚ್ಚುಕಡಿಮೆ ಮಾಡುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸುತ್ತದೆ. ಆ ಗದ್ದಲ ಸರಿಯಾಗಿ ನಮ್ಮ ಆವರ್ತನದ ಮೇಲೇ ಬಂದು ಕೂತಿತ್ತು. ಕೊನೆಗೆ ಮಾಡಿದ್ದು ಇಷ್ಟೇ: ಮಾತಾಡುವಾಗ ಮೋಟಾರ್ ಬಂದ್. ನೀವೂ ಹಾಗೇ ಮಾಡಿ. ದೋಣಿಯ ಇಂಜಿನ್ ಕೂಡ ಬಂದ್ ಇರಲಿ, ಮೈಕನ್ನು ದೋಣಿಯ ತಳದಿಂದ ಮೂರ್ನಾಲ್ಕು ಮೀಟರ್ ಕೆಳಕ್ಕೆ ಇಳಿಬಿಡಿ. ನಿಧಾನವಾಗಿ, ಚಿಕ್ಕ ಮಾತುಗಳಲ್ಲಿ ಹೇಳಿ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಲಿ.

ಈಗ ಅಮ್ಮನಿಗೆ ಹೇಳಿದ ಮಾತಿಗೆ ಬರುತ್ತೇನೆ. 1973ರ ಆಗಸ್ಟ್ ಕೊನೆಯಲ್ಲಿ ಐರ್ಲೆಂಡಿನ ಆಚೆ ಪೈಸಿಸ್ 3 ಎಂಬ ಪುಟ್ಟ ಸಬ್‌ಮರೀನ್ ಇಬ್ಬರನ್ನು ಒಳಗಿಟ್ಟುಕೊಂಡು ಸುಮಾರು 480 ಮೀಟರ್ ಆಳಕ್ಕೆ ಬಿತ್ತು. ನೀರೊಳಗಿನ ಟೆಲಿಫೋನ್ ಕೆಲಸ ಮಾಡುತ್ತಿತ್ತು. ಅವರು ಮೇಲಿನವರ ಜೊತೆ ಮಾತಾಡಿದರು, ಆದರೆ ಬಹಳ ಕಡಿಮೆ. ಮಾತಾಡಿದಷ್ಟೂ ಉಸಿರು ಖರ್ಚು. ಅಲ್ಲಾಡದೆ ಮಲಗಿ ಗಾಳಿ ಉಳಿಸಿಕೊಂಡರು. ಮೂರು ದಿನ ದಾಟಿದ ಮೇಲೆ ಮೇಲಕ್ಕೆ ಎತ್ತಿದಾಗ ಕೆಲವೇ ನಿಮಿಷಗಳ ಆಮ್ಲಜನಕ ಉಳಿದಿತ್ತು. ಅದೇ ವರ್ಷದ ಜೂನ್‌ನಲ್ಲಿ, ಫ್ಲಾರಿಡಾದ ಕೀ ವೆಸ್ಟ್ ಆಚೆ, ಜಾನ್ಸನ್ ಸೀ ಲಿಂಕ್ ಎಂಬ ವಾಹನ ಮುಳುಗಿದ ಹಡಗೊಂದರ ಕೇಬಲಿಗೆ ಸಿಕ್ಕಿಹಾಕಿಕೊಂಡಿತು. ಆಳ ನೂರು ಮೀಟರ್ ಚಿಲ್ಲರೆ. ಇಲ್ಲೂ ಮೇಲಿನವರ ಜೊತೆ ಮಾತುಕತೆ ನಡೆದೇ ಇತ್ತು. ಆದರೆ ಹಿಂದಿನ ಕೋಣೆ ತಣ್ಣಗಾಗಿ, ಇಂಗಾಲದ ಡೈಆಕ್ಸೈಡ್ ಹೀರುವ ರಾಸಾಯನಿಕ ಸರಿಯಾಗಿ ಕೆಲಸ ಮಾಡಲಿಲ್ಲ. ಒಂದು ದಿನಕ್ಕೂ ಜಾಸ್ತಿ ಹೊತ್ತಾದ ಮೇಲೆ ಬಿಡಿಸಿ ತಂದಾಗ ಆ ಕೋಣೆಯ ಇಬ್ಬರು ಬದುಕಿರಲಿಲ್ಲ. ಮುಂದಿನ ಕೋಣೆಯ ಇಬ್ಬರು ಉಳಿದರು.

2023ರ ಜೂನ್ 18ರ ಟೈಟನ್ ನಿಮಗೂ ನೆನಪಿರಬೇಕು. ಟೈಟಾನಿಕ್ ನೋಡಲು ಹೊರಟ ಅದರಲ್ಲಿ ಸಂಪರ್ಕ ಅಂದರೆ ಶಬ್ದದ ಮೂಲಕ ಬರುವ ಚಿಕ್ಕ ಬರಹದ ಸಂದೇಶ. ಎರಡು ತೂಕ ಬೀಳಿಸಿದೆವು ಎಂಬ ಕೊನೆಯ ಸಂದೇಶ ಮೇಲಿನ ಹಡಗಿಗೆ ತಲುಪಿದ್ದು, ಅವರು ಒಂದು ದಪ್ ಶಬ್ದ ಕೇಳಿದ ಮೇಲೆ. ಸಂದೇಶ ದಾರಿಯಲ್ಲಿ ತಡವಾಗಿತ್ತು ಅಷ್ಟೇ. ಸಂದೇಶ ಬಂತಲ್ಲ, ಎಲ್ಲ ಸರಿ ಇದೆ ಅಂದುಕೊಂಡರು. ಅಷ್ಟರಲ್ಲಿ ಒಳಗಿದ್ದ ಐವರೂ ಹೋಗಿಯಾಗಿತ್ತು.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಮಾತು ಕೇಳಿಸಿತು ಅಂದರೆ ಕ್ಷೇಮ ಎಂದಲ್ಲ, ಕೇಳಿಸಲಿಲ್ಲ ಅಂದರೆ ಅಪಾಯ ಎಂದೂ ಅಲ್ಲ. ಯಾವ ಸೆಟ್ ಹಾಕಿದರೂ ಒಂದಲ್ಲ ಒಂದು ಸಲ ಅದು ಸುಮ್ಮನಾಗುತ್ತದೆ. ಆಗ ಯಾರು ಏನು ಮಾಡಬೇಕು ಎಂಬುದು ಇಳಿಯುವ ಮೊದಲೇ ಕಾಗದದಲ್ಲಿ ಬರೆದಿರಬೇಕು. ನಾನಾದರೆ ಹೀಗೆ ಬರೆಯುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಕರೆ. ಒಂದು ಕರೆ ತಪ್ಪಿದರೆ ಎರಡೂ ಕಡೆ ಮೋಟಾರ್ ಬಂದ್ ಮಾಡಿ ಇನ್ನೊಮ್ಮೆ ಪ್ರಯತ್ನ. ಒಳಗಿನವರು ಸುತ್ತಿಗೆಯಿಂದ ಒಡಲಿಗೆ ಮೂರು ಸಲ ಬಡಿಯಲಿ, ಆ ಸದ್ದಿಗೆ ಬ್ಯಾಟರಿ ಬೇಡ. ಎರಡನೇ ಕರೆಯೂ ತಪ್ಪಿದರೆ ಒಳಗಿನವರು ಮರುಮಾತಿಲ್ಲದೆ ಮೇಲೆ ಬರಬೇಕು. ಇನ್ನೊಂದು ಸ್ವಲ್ಪ ನೋಡೋಣ ಅನ್ನುವ ಹಾಗಿಲ್ಲ. ದೋಣಿಯವರು ಆಗ ಇಂಜಿನ್ ಮುಟ್ಟಬಾರದು. ಸಬ್‌ಮರೀನ್ ದೋಣಿಯ ಅಡಿಯಲ್ಲೇ ಏಳಬಹುದು. ಮೇಲೆ ಬರದೇ ಇದ್ದರೆ ಎಷ್ಟನೇ ನಿಮಿಷಕ್ಕೆ ಕೋಸ್ಟ್ ಗಾರ್ಡ್‌ಗೆ ಕರೆ ಹೋಗಬೇಕು ಎಂಬುದೂ ಆ ಕಾಗದದಲ್ಲಿರಲಿ. ಅವರ ರಕ್ಷಣಾ ಸಂಖ್ಯೆ 1554, ವಿಎಚ್‌ಎಫ್‌ನಲ್ಲಾದರೆ ಚಾನೆಲ್ 16.

ಆ ನಿಮಿಷದ ಲೆಕ್ಕ ಗಾಳಿಯಿಂದ ಬರುತ್ತದೆ. ಒಳಗೆ ಒಂದು ಘನ ಮೀಟರ್ ಗಾಳಿ ಇದ್ದರೆ, ಸುಮ್ಮನೆ ಕೂತ ಒಬ್ಬ ಮನುಷ್ಯ ಗಂಟೆಗೆ ಅದರಲ್ಲಿ ಸುಮಾರು 2 ಶೇಕಡಾ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತಾನೆ. ಗಾಬರಿಯಾದವನು ಇನ್ನೂ ಜಾಸ್ತಿ. 3 ಶೇಕಡಾ ಹೊತ್ತಿಗೆ ತಲೆನೋವು, ಏದುಸಿರು. ಆಮ್ಲಜನಕ ಮುಗಿಯುವ ಮೊದಲೇ ಇದು ನಿಮ್ಮನ್ನು ಹಿಡಿಯುತ್ತದೆ. ಹೀರುವ ರಾಸಾಯನಿಕ ಇಲ್ಲದೆ ಮುಚ್ಚಳ ಹಾಕಲೇಬೇಡಿ. ಸಬ್‌ಮರೀನುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳು 72 ಗಂಟೆಯ ಮೀಸಲು ಗಾಳಿ ಕೇಳುತ್ತವೆ. ನೀವು ಅಷ್ಟು ಇಡಲಾರಿರಿ, ಗೊತ್ತು. ಅದಕ್ಕೇ ಹತ್ತು ಮೀಟರಿಗೇ ನಿಲ್ಲುತ್ತೇವೆ ಅಂದುಕೊಂಡರೆ ಸಾಲದು, ಕಡಲ ತಳವೇ ಹತ್ತು ಮೀಟರಿಗೆ ಸಿಗುವ ಜಾಗದಲ್ಲಿ ಮಾತ್ರ ಇಳಿಯಿರಿ. ಕೆಟ್ಟು ನಿಂತರೂ ಮುಳುಗುಗಾರರು ಬಂದು ತಲುಪಬಹುದು. ಕರೆಂಟ್ ಇಲ್ಲದೆಯೂ ಬೀಳಿಸಬಹುದಾದ ತೂಕ ಕೆಳಗೆ ಕಟ್ಟಿರಲಿ, ಒಳಗಿಂದ ಕೈಯಲ್ಲಿ ತಿರುಗಿಸಿದರೆ ಕಳಚುವಂತೆ.

ಅನುಮತಿ ವಿಷಯ ಚಿಕ್ಕದಾಗಿ. ಕರಾವಳಿ ಕಾವಲು ಪೊಲೀಸರಿಗೆ, ಬಂದರು ಇಲಾಖೆಗೆ, ಕೋಸ್ಟ್ ಗಾರ್ಡ್‌ಗೆ ಲಿಖಿತವಾಗಿ ಹೇಳದೆ ನೀರಿಗೆ ಇಳಿಸಬೇಡಿ. ಉತ್ತರಕ್ಕೆ ಕಾರವಾರದಲ್ಲಿ ನೌಕಾನೆಲೆ ಇದೆ. ಗುರುತಿಲ್ಲದ ಸಬ್‌ಮರೀನ್ ಕಂಡರೆ ಅವರು ಹವ್ಯಾಸ ಎಂದು ನಗುವುದಿಲ್ಲ.

ಅಮ್ಮನಿಗೆ ಈಗಲೇ ಏನೂ ಹೇಳಬೇಡಿ. ಮೊದಲ ಸಲ ಸಬ್‌ಮರೀನ್ ಒಬ್ಬರನ್ನೂ ಕೂರಿಸಿಕೊಳ್ಳದೆ ಇಳಿಯಲಿ. ನಿಮ್ಮ ತೂಕದಷ್ಟು ಮರಳಿನ ಚೀಲ ಸೀಟಿನಲ್ಲಿ ಇಟ್ಟು, ಗಟ್ಟಿ ಹಗ್ಗದಲ್ಲಿ ಹದಿನೈದು ಮೀಟರ್ ಇಳಿಸಿ, ಒಂದು ಗಂಟೆ ಬಿಡಿ. ಒಳಗೆ ಇಂಟರ್‌ಕಾಮಿನ ಸ್ಪೀಕರ್ ಪಕ್ಕದಲ್ಲಿ ಒಂದು ಹಳೇ ಫೋನನ್ನು ರೆಕಾರ್ಡಿಂಗ್ ಹಾಕಿ ಇಡಿ. ಮೇಲಿಂದ ಹತ್ತು ನಿಮಿಷಕ್ಕೊಮ್ಮೆ ನಿಮ್ಮ ಕರೆ ಮಾಡುತ್ತಿರಿ, ಒಂದು ಸಲ ದೋಣಿಯ ಇಂಜಿನ್ ಹಾಕಿಕೊಂಡೂ ಕರೆಯಿರಿ. ಎತ್ತಿದ ಮೇಲೆ ಮೊದಲು ತಳದಲ್ಲಿ ಎಷ್ಟು ನೀರಿದೆ ನೋಡಿ. ಆಮೇಲೆ ಫೋನ್ ತೆಗೆದು, ಮರಳಿನ ಚೀಲಕ್ಕೆ ಏನೇನು ಕೇಳಿಸಿತ್ತು ಎಂದು ಮೂವರೂ ಕೂತು ಕೇಳಿ.